ಹಳೇ ಪದ್ಮಿನಿ, ಹೊಸ ಬಣ್ಣ, ಪಕ್ಕದ ಮನೆಯ ಮೆಣಸು

ನಿನ್ನೆ ಇಲ್ಲೇ ಚಿಕ್ಕಮಗಳೂರಿನಲ್ಲಿ ಪರಿಚಯದವರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಗೆ ಅಂಗಳದಲ್ಲೇ ಬಣ್ಣ ಹೊಡೆಸುತ್ತಿದ್ದರು. ಬನ್ನಿ ಅಂತ ಕರೆದರು. ಹಳೇ ಕಾರು ಅಂದರೆ ನಾನು ಊಟ ಬಿಟ್ಟು ಓಡುತ್ತೇನೆ, ನಿಮಗೆಲ್ಲ ಗೊತ್ತಲ್ಲ. ಓಡಿದೆ. ವಾಪಸ್ ಬರುವಾಗ ತಲೆ ಕೆಟ್ಟಿತ್ತು.

ಕಾರು ಚೆನ್ನಾಗಿದೆ. ಟಿಂಕರಿಂಗ್ ಕೆಲಸ ನೋಡಿದರೆ ಕೈ ಮುಗಿಯಬೇಕು. ಆದರೆ ಪೇಂಟ್ ಗನ್ ಹಿಡಿದ ಹುಡುಗನ ಮೂಗಿಗೆ ಒಂದು ಕರ್ಚೀಫು. ಹೊಡೆಯುತ್ತಿದ್ದದ್ದು ಪಿಯು (ಪಾಲಿಯುರೆಥೇನ್) ಪೇಂಟು, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ. ಆ ಹಾರ್ಡನರ್‌ನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಒಮ್ಮೆ ಒಗ್ಗದೇ ಹೋಯಿತು ಅಂದರೆ, ಆಮೇಲೆ ಒಂಚೂರು ತಗುಲಿದರೂ ಉಬ್ಬಸ ಬರಬಹುದು. ಕರ್ಚೀಫು ಅದನ್ನು ತಡೆಯುತ್ತದಾ? ಮಾಮೂಲಿ ಗನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬಣ್ಣ ಕಾರಿಗೆ ಕೂರುವುದೇ ಇಲ್ಲ, ಗಾಳಿಗೆ ಹೋಗುತ್ತದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯವರು ಮೆಣಸು ಒಣಹಾಕಿದ್ದರು. ಅದರ ಮೇಲೂ ಒಂದು ಕೋಟ್ ಬಿದ್ದಿರಬೇಕು.

ಸಂಜೆ ಗನ್ ತೊಳೆದ ಥಿನ್ನರನ್ನು (ಬಣ್ಣ ತೆಳು ಮಾಡುವ ದ್ರಾವಕ) ಹುಡುಗ ಸೀದಾ ಚರಂಡಿಗೆ ಸುರಿದ. ನಾನು ಬಾಯಿ ಬಿಟ್ಟೆ. ಯಜಮಾನರು ನಕ್ಕರು. "ಬಿಡಿ ಸಾರ್, ಪೊಲ್ಯೂಷನ್ ರೂಲ್ಸೆಲ್ಲ ಫ್ಯಾಕ್ಟರಿಯವ್ರಿಗೆ. ನಮ್ದು ಒಂದೇ ಒಂದು ಕಾರು."

ಈ ಒಂದೇ ಒಂದು ಕಾರಿನ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಮ್ಮ ಹಳೇ ಕಾರಿನ ಬಳಗದಲ್ಲಿ ಎಲ್ಲರದ್ದೂ ಒಂದೇ ಒಂದು ಕಾರು!

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ಪಟ್ಟಿಯಲ್ಲಿ ವಾಹನ ರಿಪೇರಿ, ಪೇಂಟಿಂಗ್ ಮಾಡುವ ಜಾಗಗಳನ್ನು ಕಿತ್ತಳೆ ವರ್ಗಕ್ಕೆ ಹಾಕಿದ್ದರು. ಅಂದರೆ ರಾಜ್ಯ ಮಂಡಳಿಯ ಅನುಮತಿ ಬೇಕು. ಮನೆ ಅಂಗಳ ಗ್ಯಾರೇಜ್ ಅಲ್ಲ, ಒಪ್ಪಿದೆ. ಆದರೆ ಥಿನ್ನರಿಗೆ ತಾನು ಗ್ಯಾರೇಜಿನದ್ದೋ ಮನೆಯದ್ದೋ ಅಂತ ಗೊತ್ತಾಗುತ್ತದಾ? ಯಗಚಿ ಅಣೆಕಟ್ಟು ಬೇಲೂರಿನ ಹತ್ತಿರ ಇದೆ. ನಮ್ಮೂರಿಗೆ ಕುಡಿಯುವ ನೀರು ಅಲ್ಲಿಂದಲೂ ಬರುತ್ತದೆ. ಚರಂಡಿಗೆ ಸುರಿದದ್ದು ಇಳಿಜಾರು ಹಿಡಿದು ಯಾವ ಕಡೆ ಹೋಗುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಾ?

ಯುರೋಪಿನಲ್ಲಿ 2004ರಲ್ಲೇ ಬಣ್ಣದಿಂದ ಗಾಳಿಗೆ ಹೋಗುವ ರಾಸಾಯನಿಕಕ್ಕೆ ಕಾನೂನು ಮಾಡಿದರು. ಕಾರಿನ ಟಾಪ್‌ಕೋಟ್, ಅಂದರೆ ಮೇಲಿನ ಕೊನೇ ಬಣ್ಣ, ಒಂದು ಲೀಟರಿಗೆ ಗಾಳಿಗೆ ಆರಿಹೋಗುವ ರಾಸಾಯನಿಕ 420 ಗ್ರಾಂ ಮೀರಬಾರದು, 2007ರಿಂದ. ಹಳೇ ಪೇಂಟೇ ಬೇಕು ಅನ್ನುವ ವಿಂಟೇಜ್ ಕಾರಿನವರ ಕಥೆ? ಅವರಿಗೂ ದಾರಿ ಇಟ್ಟಿದ್ದಾರೆ. ಲೈಸೆನ್ಸ್ ಪಡೆದು, ಅಳತೆ ಮಾಡಿದಷ್ಟು ಕೊಳ್ಳಬಹುದು. ಅಲ್ಲಿ ವಿನಾಯಿತಿ ಕೇಳಿ ಪಡೆಯಬೇಕು. ಇಲ್ಲಿ ನಮಗೆ ನಾವೇ ಕೊಟ್ಟುಕೊಂಡಿದ್ದೇವೆ. ನಮ್ಮಲ್ಲೂ 2021ರಲ್ಲಿ ವಿಂಟೇಜ್ ನಿಯಮ ಬಂತು. 50 ವರ್ಷ ದಾಟಿದ ಗಾಡಿಗೆ ವಿಎ ಅಕ್ಷರದ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ. ಆ ನಿಯಮದ ಬಗ್ಗೆ ನಮ್ಮ ಬಳಗದಲ್ಲಿ ರಾತ್ರಿಯಿಡೀ ಚರ್ಚೆ ಆಗುತ್ತದೆ. ಥಿನ್ನರ್ ಎಲ್ಲಿಗೆ ಸುರಿಯಬೇಕು ಅಂತ ಕೇಳಿದರೆ ಎಲ್ಲರಿಗೂ ನಿದ್ದೆ ಬರುತ್ತದೆ.

ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವವರನ್ನು ಯಾಕೆ ಬೈಯಲ್ಲ, ಹೊಗೆ ಕಾರುವ ಲಾರಿ ಯಾಕೆ ಕಾಣಲ್ಲ ಅಂತ ಕಾಮೆಂಟಿನಲ್ಲಿ ಬರುವವರು ಬರುತ್ತೀರಿ, ಗೊತ್ತು. ಅವರನ್ನೂ ಬೈಯುತ್ತೇನೆ, ಬೇರೆ ಪೋಸ್ಟ್ ಹಾಕುತ್ತೇನೆ. ಅವರು ಸುರಿದರು ಅಂತ ನೀವೂ ಸುರಿಯಬಹುದು ಅನ್ನೋದು ಯಾವ ಲೆಕ್ಕ?

ಹೊಟ್ಟೆಕಿಚ್ಚು ಅಂದುಕೊಂಡರೆ ಅಂದುಕೊಳ್ಳಿ. ಅದೂ ಇದೆ. ನನ್ನ ಪದ್ಮಿನಿ ಇನ್ನೂ ಪ್ರೈಮರಿನಲ್ಲೇ ನಿಂತಿದೆ, ಅವರದ್ದು ಕನ್ನಡಿ ಥರ ಹೊಳೆಯುತ್ತಿದೆ. ಇನ್ನೊಂದು ವಿಷಯ. ಥಿನ್ನರ್ ವಾಸನೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಹೆಂಡತಿಗೆ ಹೇಳಿಲ್ಲ, ಈಗ ಇಲ್ಲೇ ಓದಿಕೊಳ್ಳುತ್ತಾಳೆ.

ಹಾಗಂತ ಇದೇನು ದೊಡ್ಡ ಕಷ್ಟದ ಕೆಲಸವೂ ಅಲ್ಲ. ಗನ್ ತೊಳೆದ ಥಿನ್ನರನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಸುಮ್ನೆ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಮುಂದಿನ ಸಲ ಮತ್ತೆ ಗನ್ ತೊಳೆಯಬಹುದು, ದುಡ್ಡೂ ಉಳಿಯುತ್ತದೆ. ಹಳೇ ಬಣ್ಣ ಉಜ್ಜುವಾಗ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಮನೆಯೊಳಗೆ ಬರುತ್ತದೆ. ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಅಂತ ಬಂದ 2016ರ ನಿಯಮ ಗೋಡೆ, ಬಾಗಿಲಿಗೆ ಹೊಡೆಯುವ ಮನೆ ಬಣ್ಣಕ್ಕೆ ಮಾತ್ರ, ಕಾರಿನ ಬಣ್ಣಕ್ಕಲ್ಲ. ತಳದಲ್ಲಿ ಕೂತ ಗಸಿಯನ್ನು ಎಲ್ಲಿಗೆ ಕೊಡಬೇಕು? ಇದಕ್ಕೆ ಮಾತ್ರ ನಮ್ಮೂರಿನಲ್ಲಿ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಊರಿಗೊಂದು ಜಾಗ ತೋರಿಸಿ, ಆಮೇಲೂ ಸುರಿದವರಿಗೆ ದಂಡ ಹಾಕಿ. ನಾನೇ ಮೊದಲು ಡಬ್ಬಿ ತಗೊಂಡು ಬರುತ್ತೇನೆ.

ಅಲ್ಲಿಯವರೆಗೆ ನನ್ನ ಕಾರಿಗೆ ಮನೆಯಲ್ಲಿ ಬಣ್ಣ ಇಲ್ಲ. ಚಿಕ್ಕಮಗಳೂರಲ್ಲಾಗಲಿ ಹಾಸನದಲ್ಲಾಗಲಿ ಸರಿಯಾದ ಪೇಂಟ್ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇದ್ದು, ಹಳೇ ಕಾರು ಅಂದ ಕೂಡಲೇ ಮುಖ ಗಂಟು ಹಾಕದ ಗ್ಯಾರೇಜ್ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಮಳೆಗಾಲದೊಳಗೆ ಕೆಲಸ ಮುಗಿಯಬೇಕು. ರೇಟು ಮೊದಲೇ ಹೇಳಿಬಿಡಿ.