ಕತ್ತೆ ಕೈಗಡದ್ದು, ವಿಮಾನ ಕಾಣಿಕೆಯದ್ದು

ಯೇಸುಸ್ವಾಮಿ ಈಗ ಭೂಮಿಗೆ ಬಂದರೆ ಕತ್ತೆ ಹತ್ತುವುದಿಲ್ಲವಂತೆ. ಅಮೆರಿಕದ ಲೂಯಿಸಿಯಾನಾದ ಬೋಧಕ ಜೆಸ್ಸಿ ಡುಪ್ಲಾಂಟಿಸ್ 2018ರಲ್ಲಿ 5.4 ಕೋಟಿ ಡಾಲರಿನ ಫಾಲ್ಕನ್ 7ಎಕ್ಸ್ ಜೆಟ್ಟಿಗೆ ಭಕ್ತರ ಮುಂದೆ ಕೈಯೊಡ್ಡಿದಾಗ ಆದ ಜ್ಞಾನೋದಯ ಇದು. ಹಿಂದಿನ ಮೂರು ವಿಮಾನಗಳು ಸುವಾರ್ತೆ ಸಾರಿ ಸಾರಿ ಸವೆದುಹೋಗಿದ್ದವು, ಪಾಪ.

ಕತ್ತೆಯ ವಿಷಯಕ್ಕೇ ಬರೋಣ. ಯೇಸು ಯೆರೂಸಲೇಮಿಗೆ ಹತ್ತಿಹೋದ ಆ ಕತ್ತೆ ಸ್ವಂತದ್ದೂ ಅಲ್ಲ. ಮಾರ್ಕನ ಸುವಾರ್ತೆ 11ನೇ ಅಧ್ಯಾಯ ನೋಡಿ: ಸ್ವಾಮಿಗೆ ಬೇಕಾಗಿದೆ, ಬೇಗ ವಾಪಸು ಕಳಿಸುತ್ತಾರೆ ಅಂತ ಹೇಳಿ ಶಿಷ್ಯರು ಬಿಚ್ಚಿಕೊಂಡು ಬಂದದ್ದು. ಕಡೆಯ ಊಟದ ಮಾಳಿಗೆ ಕೋಣೆ ಇನ್ನೊಬ್ಬರದು, ಗೋರಿ ಅರಿಮಥಾಯದ ಯೋಸೇಫನದು. ಆಶೀರ್ವಾದದ ಲಕ್ಷಣ ಒಂದೂ ಇಲ್ಲದ ಇಂಥ ಮನುಷ್ಯನನ್ನು, ಕಾಣಿಕೆ ಕೊಟ್ಟರೆ ದೇವರು ಹಣ, ಆರೋಗ್ಯ ಕೊಡುತ್ತಾನೆ ಎಂದು ಸಾರುವ ಈ ಬೋಧಕರ ಸಭೆಗಳಲ್ಲಿ ಸಾಕ್ಷಿ ಹೇಳಲು ಮೈಕಿನ ಹತ್ತಿರವೂ ಬಿಡುವುದಿಲ್ಲ.

ಇನ್ನೊಬ್ಬ ಅಮೆರಿಕನ್ ಬೋಧಕ ಕ್ರೆಫ್ಲೋ ಡಾಲರ್ (ಹೆಸರೇ ಹಾಗೆ, ನಾನು ಇಟ್ಟದ್ದಲ್ಲ) 2015ರಲ್ಲಿ ಕೇಳಿದ ಜೆಟ್ಟಿನ ಬೆಲೆ 6.5 ಕೋಟಿ ಡಾಲರ್. ಎರಡು ಲಕ್ಷ ಜನ ತಲಾ ಕನಿಷ್ಠ 300 ಡಾಲರ್ ಕೊಡಬೇಕಿತ್ತು. ಗುಣಿಸಿದರೆ 6 ಕೋಟಿ. ಮಿಕ್ಕ 50 ಲಕ್ಷಕ್ಕೆ ವಿಶ್ವಾಸ. ಅದೇ ವರ್ಷ ಮತ್ತೊಬ್ಬ ಬೋಧಕ ಕೆನೆತ್ ಕೋಪ್‌ಲ್ಯಾಂಡ್, ನಾವು ನೀವು ಹತ್ತುವ ಟಿಕೆಟ್ ವಿಮಾನವೆಂದರೆ ದೆವ್ವಗಳ ಜೊತೆ ಉದ್ದ ಕೊಳವೆಯಲ್ಲಿ ಕೂತಂತೆ ಎಂದರು. ಸಂಜೆ ಆರರ ಮೆಜೆಸ್ಟಿಕ್ ಬಸ್ಸು ಅವರಿಗೆ ಗೊತ್ತಿಲ್ಲ.

ಕೆಲಸ ನಡೆಯುವ ಬಗೆ ಸರಳ. ಕಾಣಿಕೆಗೆ 'ಬೀಜ' ಎನ್ನಬೇಕು. ರೋಗವೋ ಸಾಲವೋ ಚೀಟಿಯಲ್ಲಿ ಬರೆದು, ಕೈಗೆ ನೋವಾಗುವಷ್ಟು ಮೊತ್ತವನ್ನು ಕವರಿಗೆ ಹಾಕಿ, ನೂರರಷ್ಟು ಫಲಕ್ಕೆ ಕಾಯಬೇಕು. ಬಂದರೆ ಬೋಧಕರ ಅಭಿಷೇಕ. ಬಾರದಿದ್ದರೆ ನಿಮ್ಮ ಅವಿಶ್ವಾಸ. ಇಲ್ಲವೇ ಬಚ್ಚಿಟ್ಟ ಪಾಪ. ಅದೂ ಅಲ್ಲವೆಂದರೆ 'ನನಗೆ ಕಾಯಿಲೆ' ಎಂದು ಬಾಯಿಬಿಟ್ಟು ಹೇಳಿದ್ದೇ ತಪ್ಪು. ನೂರರಷ್ಟು ಎಂಬ ಮಾತು ಮಾರ್ಕ 10:30ರಲ್ಲಿ ಇದೆ, ಸುಳ್ಳಲ್ಲ. ಅದೇ ವಾಕ್ಯದಲ್ಲಿ 'ಹಿಂಸೆಗಳ ಸಹಿತ' ಎಂದೂ ಇದೆ. ಪ್ರಸಂಗ ಅಷ್ಟು ದೂರ ಹೋಗುವ ಹೊತ್ತಿಗೆ ಕಾಣಿಕೆ ಚೀಲ ಬಂದಿರುತ್ತದೆ.

ಚೀಟಿಯ ಉಪಯೋಗ ಬಲ್ಲವರೆಂದರೆ ಟೀವಿ ಬೋಧಕ ಪೀಟರ್ ಪಾಪಾಫ್. ಜನರ ಹೆಸರು, ವಿಳಾಸ, ಕಾಯಿಲೆಗಳನ್ನು ದೇವರು ಅವರ ಕಿವಿಯಲ್ಲಿ ಹೇಳುತ್ತಿದ್ದ. 1986ರಲ್ಲಿ ಇಂಥ ಪವಾಡಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡ ರೇಡಿಯೊ ಸ್ಕ್ಯಾನರ್ ಹಿಡಿದು ಕೂತಾಗ ದೇವರು 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕ. ಚೀಟಿ ಓದಿ ಹೇಳುತ್ತಿದ್ದ ದನಿ ಪಾಪಾಫರ ಹೆಂಡತಿಯದು. ಮರುವರ್ಷ ದಿವಾಳಿ. ಅಲ್ಲಿಗೆ ಮುಗಿಯಿತೇ? ಆಮೇಲೆ ಅಂಚೆಯಲ್ಲಿ 'ಅದ್ಭುತ ನೀರಿನ' ಪೊಟ್ಟಣ ಕಳಿಸತೊಡಗಿದರು. ನೀರು ಉಚಿತ, ಬೆನ್ನಿಗೆ ಬರುವ ಪತ್ರ ಹಣ ಕೇಳುತ್ತದೆ.

ಕೊಡುವವರು ದಡ್ಡರಲ್ಲ. ಡಯಾಲಿಸಿಸ್ ಬಿಲ್ಲು ಕೈಯಲ್ಲಿರುವವರಿಗೆ ಒಂದು ಕಡೆ 'ತಾಳಿಕೋ' ಎನ್ನುವ ಚರ್ಚು, ಇನ್ನೊಂದು ಕಡೆ 'ಈ ಶುಕ್ರವಾರ ಬಿಡುಗಡೆ' ಎನ್ನುವ ಸಭೆ. ಎರಡನೆಯದರಲ್ಲಿ ಮಾಡಲು ಏನೋ ಒಂದು ಕೆಲಸವಾದರೂ ಇದೆ.

ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡ ಬೈಬಲಿನ ಯೋಬನ ಕಥೆಯಲ್ಲಿ ಈ ಬೋಧಕರಿಗೆ ಕಡೆಯ ಅಧ್ಯಾಯವೆಂದರೆ ಪ್ರಾಣ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000. ನೋಡಿ, ದುಪ್ಪಟ್ಟು! ಸತ್ತ ಹತ್ತು ಮಕ್ಕಳು? ಅವರು ಎದ್ದು ಬರಲಿಲ್ಲ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ 'ನಿನ್ನ ವಿಶ್ವಾಸ ಸಾಲದೇ ಹೋಯಿತು' ಎನ್ನಲು ಯಾವ ನಾಲಿಗೆ ಬೇಕು? ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಯೋಬನಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ, ನೀನು ಏನೋ ಮಾಡಿರಬೇಕು ಅಂತ. ದೇವರು ಅವರ ಮೇಲೆ ಸಿಟ್ಟಾಗಿ ಏಳು ಹೋರಿ, ಏಳು ಟಗರು ಬಲಿ ಕೊಡಿಸಿದ. ಆ ದರಪಟ್ಟಿಯನ್ನು ಯಾವ ಟೀವಿ ಬೋಧಕರೂ ಪರದೆಯ ಕೆಳಗೆ ಓಡಿಸುವುದಿಲ್ಲ.

2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಜನಸಾಗರ ಸೇರಿಸಿದ್ದ ಟೀವಿ ಬೋಧಕ ಬೆನ್ನಿ ಹಿನ್, 2019ರಲ್ಲಿ ಸುವಾರ್ತೆಗೆ ಬೆಲೆ ಕಟ್ಟುವುದು ತಪ್ಪು ಎಂದರು. ಸಂತೋಷ. 2022ರಲ್ಲಿ ಕ್ರೆಫ್ಲೋ ಡಾಲರ್ ಕೂಡ ದಶಮಾಂಶದ (ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವ ಪದ್ಧತಿಯ) ಬಗ್ಗೆ ತಾನು ಬೋಧಿಸಿದ್ದು ಸರಿಯಲ್ಲ, ಆ ಪುಸ್ತಕ, ಟೇಪುಗಳನ್ನೆಲ್ಲ ಬಿಸಾಡಿ ಎಂದರು. ಕ್ಷಮೆ ಮಾತ್ರ ಕೇಳುವುದಿಲ್ಲವಂತೆ. ಆ ದಾರಿಯಲ್ಲಿ ಹೋಗದಿದ್ದರೆ ಈಗಿರುವಲ್ಲಿಗೆ ತಾನು ಬರುತ್ತಲೇ ಇರಲಿಲ್ಲವಂತೆ. ಅವರ ಮಾತು ನಂಬಿ ಸಂಬಳದಲ್ಲಿ ಹತ್ತನೇ ಒಂದು ಪಾಲು ಎತ್ತಿಟ್ಟವರು ಎಲ್ಲಿಗೆ ಬಂದು ಮುಟ್ಟಿದರು?