ಸುಳ್ಳು ಹೇಳ್ತಿದ್ದೀರಾ? ಇಲ್ಲ ಸ್ವಾಮಿ

ನಮ್ಮ ಕೆಳ ಕೋರ್ಟುಗಳಲ್ಲಿ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ವಕೀಲರು ಪ್ರಶ್ನಿಸುವುದು) ಹೇಗೇ ಶುರುವಾಗಲಿ, ಮುಗಿಯುವುದು ಮಾತ್ರ ಒಂದೇ ಥರ. ವಕೀಲರು ಕನ್ನಡಕ ಸರಿ ಮಾಡಿಕೊಂಡು, "ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ" ಅನ್ನುತ್ತಾರೆ. "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಎಂದು ದಾಖಲಾಗುತ್ತದೆ. ಬೆರಳಚ್ಚುಗಾರರಿಗೆ ಅದೆಷ್ಟು ರೂಢಿಯೆಂದರೆ, ಸಾಕ್ಷಿ ಬಾಯಿ ತೆರೆಯುವ ಮೊದಲೇ 'ಸರಿಯಲ್ಲ' ಪರದೆ ಮೇಲೆ ಬಿದ್ದಿರುತ್ತದೆ.

"ಹೌದು ಸ್ವಾಮಿ, ಆಗಲಿಂದ ಸುಳ್ಳೇ ಹೇಳ್ತಿದ್ದೀನಿ, ನೀವು ಕೇಳಲಿ ಅಂತ ಕಾಯ್ತಿದ್ದೆ" ಅನ್ನುವ ಸಾಕ್ಷಿ ಇನ್ನೂ ಹುಟ್ಟಿಲ್ಲ. ಆದರೂ ಕೇಳಬೇಕು. ಕೇಳದಿದ್ದರೆ ಒಪ್ಪಿಕೊಂಡ ಹಾಗಂತೆ. ಇದಕ್ಕೆ 1893ರ ಇಂಗ್ಲೆಂಡಿನ ಬ್ರೌನ್ ವರ್ಸಸ್ ಡನ್ ತೀರ್ಪಿನ ಬೆಂಬಲವಿದೆ. ಸಾಕ್ಷಿಯನ್ನು ಸುಳ್ಳುಗಾರ ಅನ್ನುವುದಿದ್ದರೆ ಯಾವ ಮಾತು ಸುಳ್ಳು ಅಂತ ಅವನ ಮುಂದಿಡಿ, ಉತ್ತರ ಕೊಡಲು ಬಿಡಿ ಅನ್ನುವುದು ಅದರ ತಿರುಳು. ನಾವು ತಿರುಳು ಬಿಟ್ಟು ಮಂತ್ರ ಇಟ್ಟುಕೊಂಡೆವು.

ಇನ್ನು ಪ್ರಾಸಿಕ್ಯೂಷನ್ ಪಾಳಿ. ಕಟಕಟೆಯಲ್ಲಿ ಮಹಜರಿನ ಪಂಚ, ಅಂದರೆ ಪೊಲೀಸರು ಜಪ್ತಿ ಮಾಡಿದ್ದನ್ನು ಕಣ್ಣಾರೆ ಕಂಡೆ ಅಂತ ಸಹಿ ಹಾಕಿದವನು.

"ಈ ಸಹಿ ನಿಮ್ಮದಾ?"

"ನಂದೇ."

"ಮಚ್ಚು ಜಪ್ತಿ ಮಾಡುವಾಗ ಇದ್ರಾ?"

"ಇಲ್ಲ ಸ್ವಾಮಿ. ಸ್ಟೇಷನ್‌ಗೆ ಕರೆದರು, ಸಹಿ ಹಾಕು ಅಂದರು, ಹಾಕಿದೆ."

"ಏನು ಬರೆದಿತ್ತು?"

"ಓದಿಲ್ಲ."

ಪಿಪಿ (ಸರ್ಕಾರಿ ವಕೀಲ) ಸಾಹೇಬರ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿಲ್ಲ. ತಮ್ಮ ಸಾಕ್ಷಿಯೇ ತಿರುಗಿ ಬಿದ್ದನೆಂದು, ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀ ಸವಾಲಿಗೆ ಅನುಮತಿ ಕೇಳುತ್ತಾರೆ, ಸಿಗುತ್ತದೆ. "ಆರೋಪಿ ಜೊತೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ." ಸರಿಯಲ್ಲ. ಮುಗಿಯಿತು. ಆರೋಪಿ ಪರ ವಕೀಲರು ಅರ್ಧ ಎದ್ದು "ಪಾಟೀ ಸವಾಲು ಇಲ್ಲ" ಅಂದು ಕೂರುತ್ತಾರೆ. ಆ ದಿನದ ಅತ್ಯುತ್ತಮ ವಕೀಲಿಕೆ ಅದೇ, ಸುಮ್ನೆ ಹೇಳ್ತಿಲ್ಲ.

ಆದರೆ ಹಿಂದಿನ ಬೆಂಚಿನಲ್ಲಿ ಕಕ್ಷಿದಾರನ ಬಳಗ ಕೂತಿದ್ದರೆ ಸುಮ್ಮನಿರುವುದು ಹೇಗೆ? ಫೀಸು ಕೊಟ್ಟವರಿಗೆ ಗುಡುಗು ಕೇಳಿಸಬೇಕಲ್ವಾ? ಕಟಕಟೆಗೆ ಬಂದ ಮುಂದಿನ ಸಾಕ್ಷಿಯನ್ನು ಆರೋಪಿ ಪರ ವಕೀಲರು ಕೇಳುತ್ತಾರೆ:

"ಆ ರಾತ್ರಿ ಕರೆಂಟ್ ಇರಲಿಲ್ಲ?"

"ಇರಲಿಲ್ಲ."

ಇಲ್ಲಿಗೆ ಕೂತಿದ್ದರೆ ಕೇಸು ಅರ್ಧ ಗೆದ್ದಂತೆ. ಕೂರುವುದಿಲ್ಲ.

"ಹಾಗಾದರೆ ಇವನೇ ಅಂತ ನಿನಗೆ ಹೇಗಯ್ಯಾ ಗೊತ್ತಾಯ್ತು?"

"ದನಿ ಗೊತ್ತಲ್ಲ ಸ್ವಾಮಿ. ಹಿಂದಿನ ದಿನ ತಾನೇ ನಮ್ಮ ಮನೆ ಮುಂದೆ ನಿಂತು, ಕೊಲ್ತೀನಿ ಅಂತ ಕೂಗಿದ್ದ."

ಪಿಪಿಯವರು ಕೇಳಲು ಮರೆತಿದ್ದ ಪ್ರಶ್ನೆಗೂ ಉತ್ತರ ಪುಕ್ಕಟೆ ಬಂತು. ಹಿಂದಿನ ಬೆಂಚು ಮಾತ್ರ ಖುಷ್: "ನಮ್ ಲಾಯರ್ ಏನ್ ಗುಡುಗಿದ್ರು ನೋಡಿ!"

ಇದೆಲ್ಲ ಕೇಸು ನಡೆದ ದಿನದ ಕಥೆ. ನಡೆಯದ ದಿನಗಳೇ ಜಾಸ್ತಿ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ವಾಯಿದೆಗೆ (ವಿಚಾರಣೆ ಮುಂದೂಡಲು) ಕಾರಣವಾಗದು ಎಂದು ಅಪರಾಧ ಕೇಸು ನಡೆಸುವ ಹಳೆಯ ಕಾನೂನಾದ ಸಿಆರ್‌ಪಿಸಿಯ 309ನೇ ಕಲಂ ಹೇಳುತ್ತಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಂದು ಬಂದ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮೂ ಅದನ್ನೇ ಹೇಳಿ, ಕೈಮೀರಿದ ಕಾರಣವಿದ್ದರೂ ಎರಡೇ ವಾಯಿದೆ ಅನ್ನುತ್ತದೆ. ಜೂನಿಯರ್‌ಗಳು ಕಾನೂನಿಗೆ ತಲೆಬಾಗಿದ್ದಾರೆ. ಸೀನಿಯರ್ ಈಗ ಬೇರೆ ಕೋರ್ಟಿನಲ್ಲಿರುವುದಿಲ್ಲ, ಅವರಿಗೆ ಜ್ವರ.

ಹೊಸ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿಯನ್ನು, ಪಂಚರು ಸಹಿ ಹಾಕುವುದನ್ನು ಸಹ, ವಿಡಿಯೋ ಮಾಡಬೇಕು. ಇನ್ನು ಪಂಚರು ತಿರುಗಿ ಬೀಳುವುದು ಹೇಗೆ ಅಂತ ಚಿಂತಿಸಬೇಡಿ. ನಾಳೆ ಕಟಕಟೆಯಲ್ಲಿ ನಿಂತು ಹೇಳುತ್ತಾರೆ: "ಸಹಿ ಹಾಕ್ತಿರೋದು ನಾನೇ ಸ್ವಾಮಿ. ಆದರೆ ಆ ವಿಡಿಯೋ ತೆಗೆಯುವಾಗ ನಾನು ಅಲ್ಲಿರಲಿಲ್ಲ."