ಎಚ್ ಅಂದರೆ ಹೊನ್ನವಳ್ಳಿ

ಅಮೆರಿಕದ ಪೌರತ್ವಕ್ಕೆ ಹಾಕುವ ಅರ್ಜಿಗೆ ಎನ್-400 ಅಂತ ಹೆಸರು. ಅದರ ಶುರುವಿನಲ್ಲೇ ಒಂದು ಪ್ರಶ್ನೆ ಇದೆ: ನಿಮ್ಮ ಹೆಸರನ್ನು ಕಾನೂನಿನ ಪ್ರಕಾರ ಬದಲಾಯಿಸಿಕೊಳ್ಳುತ್ತೀರಾ? ಹೌದು, ಇಲ್ಲ ಅಂತ ಎರಡು ಚೌಕ. ತೆರಿಗೆ, ಕೆಲಸ, ವಿದೇಶ ಪ್ರವಾಸ, ಇವುಗಳ ಲೆಕ್ಕವನ್ನೆಲ್ಲ ನಾನು ಒಂದೇ ಸಂಜೆ ತುಂಬಿದ್ದೆ. ಈ ಎರಡು ಚೌಕದ ಮುಂದೆ ಮಾತ್ರ ಮೂರು ವಾರ ಕೂತೆ.

ನಾನು ತಿಪಟೂರು ತಾಲೂಕಿನವನು. ಈಗ ಇರುವುದು ಹ್ಯೂಸ್ಟನ್‌ನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಚ್.ಸಿ. ಅಂತಿದೆ. ಎಚ್ ಅಂದರೆ ಹೊನ್ನವಳ್ಳಿ. ಸಿ ಅಂದರೆ ಅಪ್ಪ. ಹಳೇ ಮೈಸೂರು ಕಡೆಯ ಕ್ರಮವೇ ಇದು. ಎಚ್.ಡಿ. ಅಂದರೆ ಹರದನಹಳ್ಳಿ ದೊಡ್ಡೇಗೌಡ, ಆಮೇಲೆ ದೇವೇಗೌಡ. ಸರ್ ಎಂ.ವಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಆದರೆ ಹೆಸರಿನ ಮುಂದೆ ನಿಂತದ್ದು ಹಿರಿಯರ ಊರು ಮೋಕ್ಷಗುಂಡಂ. ಮನೆತನ ಎಲ್ಲಿಗೇ ಹೋಗಿ ನೆಲೆಸಿದರೂ ಹೊರಟ ಊರು ಆ ಒಂದು ಅಕ್ಷರದಲ್ಲಿ ಜೊತೆಗೆ ಬರುತ್ತದೆ.

ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಾನೂ ಬಿಡಿಸಿ ಬರೆದೆ. ಊರು, ಅಪ್ಪ, ನಾನು ಮೂವರೂ 'ಗಿವನ್ ನೇಮ್' ಜಾಗಕ್ಕೆ ಹೋದೆವು. 'ಸರ್‌ನೇಮ್' ಜಾಗ ಖಾಲಿ ಉಳಿಯಿತು. ಅಡ್ಡಹೆಸರು ಇಲ್ಲದವನು ಅಲ್ಲಿ ಏನು ಬರೆಯಬೇಕು? ಅಮೆರಿಕದ ವೀಸಾದಲ್ಲಿ ಇಂಥವರಿಗೆ ಒಂದು ನಿಯಮ ಇದೆ. ಇರುವ ಹೆಸರನ್ನೆಲ್ಲ ಸರ್‌ನೇಮ್‌ಗೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರೆಯುತ್ತಾರೆ. 'ಫಸ್ಟ್ ನೇಮ್ ಅನ್‌ನೋನ್', ಮೊದಲ ಹೆಸರು ಗೊತ್ತಿಲ್ಲ ಅಂತ. ಅದು ವೀಸಾದಿಂದ ಡ್ರೈವಿಂಗ್ ಲೈಸೆನ್ಸಿಗೆ ಬಂತು, ಅಲ್ಲಿಂದ ಇನ್ಶೂರೆನ್ಸ್ ಕಾರ್ಡಿಗೆ ಬಂತು. ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಬಾಗಿಲಿಗೆ ಬಂದು "ಫ್ನೂ, ಫ್ನೂ" ಅಂತ ಕೂಗಿದರು. ಮಗಳು ಪಕ್ಕದಲ್ಲೇ ಕೂತಿದ್ದಳು. ಅಪ್ಪ ಅಮ್ಮ ತೊಟ್ಟಿಲಲ್ಲಿ ಹಾಕಿ ಕರೆದ ಹೆಸರು ನನಗಿದೆ, ಅದು ಗೊತ್ತಿಲ್ಲ ಅಂತ ಕಾಗದ ಹೇಳುತ್ತಿದೆ. ಆ ದಿನ ನನಗೆ ನಿಜವಾಗಿ ನೋವಾಯಿತು.

ಇದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. 2022ರ ನವೆಂಬರಿನಲ್ಲಿ ಯುಎಇ ಕೂಡ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗುತ್ತದೆ ಅಂತ ಸಡಿಲಿಸಿತು.

ನನ್ನ ಆಫೀಸಿನಲ್ಲಿ ಧಾರವಾಡ ಕಡೆಯ ಒಬ್ಬರಿದ್ದಾರೆ. ಅವರಿಗೆ ಈ ಕಷ್ಟ ಒಂದು ದಿನವೂ ಬಂದಿಲ್ಲ. ಆ ಕಡೆ ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಪಾಟೀಲ, ದೇಸಾಯಿ, ಬೆಲ್ಲದ, ಮೆಣಸಿನಕಾಯಿ. ಮುಂಬೈ ಪ್ರಾಂತ್ಯದ ಈ ಕ್ರಮ ಇಲ್ಲಿನ ಫಾರಂನ ಮೂರು ಚೌಕಕ್ಕೂ ಸರಿಯಾಗಿ ಕೂರುತ್ತದೆ. ಕೊಡವರಿಗೆ ಮನೆತನದ ಹೆಸರು ಇದೆ, ಆದರೆ ಮುಂದಿರುತ್ತದೆ: ಜನರಲ್ ಕಾರ್ಯಪ್ಪನವರದು ಕೊಡಂದೇರ ಮನೆತನ. ಒಂದೇ ರಾಜ್ಯದೊಳಗೆ ಮೂರು ಕ್ರಮ, ಅದರಲ್ಲಿ ಫಾರಂಗೆ ಒಗ್ಗುವುದು ಒಂದೇ. ಉಳಿದವು ತಪ್ಪು ಅಂತ ಇದರಿಂದ ಆಗುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಯೋನ್ ಎಂಬವನ ಮಗ ಯೋನ್ಸನ್, ಮಗಳು ಯೋನ್ಸ್‌ದೋತ್ತಿರ್. ಅಪ್ಪನ ಹೆಸರೇ ಎರಡನೇ ಹೆಸರು. ಟೆಲಿಫೋನ್ ಡೈರೆಕ್ಟರಿಯಲ್ಲೂ ಮೊದಲ ಹೆಸರಿನ ಪ್ರಕಾರವೇ ಜನರನ್ನು ಹುಡುಕುತ್ತಾರೆ. ನಮ್ಮಂಥದ್ದೇ ಪದ್ಧತಿಯಲ್ಲಿ ಒಂದು ಇಡೀ ದೇಶ ಚೆನ್ನಾಗಿ ನಡೆಯುತ್ತಿದೆ ಅಲ್ವಾ?

ಆದರೆ ನಾನಿರುವುದು ಟೆಕ್ಸಾಸಿನಲ್ಲಿ. ಇಲ್ಲಿ ಇನ್ನೊಂದು ತೊಡಕಿತ್ತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು, ಮಕ್ಕಳು ಅಪ್ಪನ ಹೆಸರನ್ನು ಹಿಂದೆ ಸೇರಿಸಿಕೊಳ್ಳುತ್ತಾರೆ. ಅಂದರೆ ಹೆಂಡತಿ ಮಗಳಿಗೆ ಒಂದೇ ಸರ್‌ನೇಮ್, ಅದು ನನ್ನ ಹೆಸರು. ನನಗೆ ಮಾತ್ರ ಬೇರೆ. ಶಾಲೆಯಲ್ಲಿ ಮಗಳನ್ನು ಕರೆದುಕೊಂಡು ಬರಲು ಹೋದಾಗ ಎರಡು ಸಲ ನಿಲ್ಲಿಸಿ, ನೀವು ಏನಾಗಬೇಕು ಅಂತ ಕೇಳಿದ್ದಾರೆ. ಕೇಳಿದವರ ತಪ್ಪಲ್ಲ ಅದು.

ಹಾಗಾಗಿ ಬದಲಾಯಿಸುವುದು ಅಂತ ತೀರ್ಮಾನಿಸಿದೆ. ಏನಂತ ಬದಲಾಯಿಸುವುದು? ಇಲ್ಲಿ ನನ್ನ ಅನಿಸಿಕೆಯನ್ನು ನೇರವಾಗಿ ಹೇಳುತ್ತೇನೆ. ನಮ್ಮವರು ಕೆಲವರು ಈ ಹಂತದಲ್ಲಿ ಜಾತಿಸೂಚಕ ಹೆಸರನ್ನು ಹೊಸದಾಗಿ ಅಂಟಿಸಿಕೊಳ್ಳುತ್ತಾರೆ. ಅಪ್ಪ ತಾತನ ಹೆಸರಿನಲ್ಲಿ ಇಲ್ಲದ್ದನ್ನು ಇಷ್ಟು ದೂರ ಬಂದು, ಮುಂದೆ ಹುಟ್ಟುವ ಮಕ್ಕಳಿಗೂ ಸೇರಿಸಿ ಬರೆಸುವುದು ನನಗೆ ಸರಿ ಕಾಣಲಿಲ್ಲ. ಊರು ಮತ್ತು ಅಪ್ಪ, ಇವೆರಡೇ ಸಾಕು ಎಂದ ಎರಡು ಅಕ್ಷರದ ಕ್ರಮ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಇನ್ನು ಕೆಲವರು ಇಲ್ಲಿಯವರ ಬಾಯಿಗೆ ಸುಲಭವಾಗಲಿ ಅಂತ ಅಪ್ಪನ ಹೆಸರನ್ನೇ ಕತ್ತರಿಸುತ್ತಾರೆ. ಅದೂ ನನಗೆ ಬೇಡವಾಗಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹೆದರಿಕೆ ಇತ್ತು. ಅವರು ಕೇಳಿದ್ದು ಬೇರೆ. "ಪಹಣೀಲಿ ಏನಂತ ಬರ್ಸೋದು ಮತ್ತೆ? ನಾಳೆ ಪೌತಿ ಖಾತೆ ಮಾಡ್ಸೋವಾಗ ನೀನೇ ನನ್ ಮಗ ಅಂತ ಹೆಂಗಪ್ಪಾ ತೋರ್ಸ್ತೀಯ?"

ಪೌತಿ ಖಾತೆ ಅಂದರೆ ಹಿರಿಯರು ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಪಹಣಿಯಲ್ಲಿ ನಮ್ಮ ಗುರುತು 'ಬಿನ್' ಎಂಬ ಪದದಲ್ಲಿದೆ. ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ. ಹೆಂಗಸರಿಗಾದರೆ ಕೋಂ, ಇಂಥವನ ಹೆಂಡತಿ. ವಂಶವೃಕ್ಷವೂ ಹಾಗೇ. ಭಾರತದ ಪೌರತ್ವ ಹೋದ ಮೇಲೆ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದ್ದರೂ ನಾವು ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನಿಂದ ಬಂದದ್ದನ್ನು ಪಡೆಯಬಹುದು. ಹಾಗೆ ಪಡೆಯುವ ದಿನ ಓಸಿಐ ಕಾರ್ಡಿನ ಹೆಸರಲ್ಲಿ ಅಪ್ಪನೇ ಇಲ್ಲದಿದ್ದರೆ ಎಷ್ಟು ಅಲೆಯಬೇಕು!

ಎರಡು ದೇಶಕ್ಕೂ ದೊಡ್ಡ ವ್ಯತ್ಯಾಸ ಇಲ್ಲೇ ಇದೆ ಅನ್ನಿಸಿತು. ಅಮೆರಿಕದಲ್ಲಿ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ 9 ಅಂಕಿ ಹಿಡಿದು ಮನುಷ್ಯನನ್ನು ಗುರುತಿಸುತ್ತಾರೆ. ಹೆಸರು ಬದಲಾದರೂ ಅಂಕಿ ಅದೇ, ಹಳೆಯ ಸಂಬಳ, ಸಾಲ ಎಲ್ಲಾ ಅದರ ಹಿಂದೆಯೇ ಬರುತ್ತವೆ. ನಮ್ಮಲ್ಲಿ ಆಧಾರ್ ಬಂದಿದ್ದರೂ ಹಳೆಯ ಕಾಗದಗಳೆಲ್ಲ ಹೆಸರನ್ನೇ ನಂಬಿವೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಛಾಪಾ ಕಾಗದದ ಮೇಲೆ ಎರಡೂ ಹೆಸರಿನವನು ಒಬ್ಬನೇ ಅಂತ ಅಫಿಡವಿಟ್ ಬರೆಸಿ ನೋಟರಿ ಸಹಿ ಹಾಕಿಸಬೇಕು.

ಕೊನೆಗೆ ನಾನು ಯಾವುದನ್ನೂ ಬಿಡಲಿಲ್ಲ, ಸುಮ್ನೆ ಸಾಲನ್ನು ತಿರುಗಿಸಿದೆ. ಮೊದಲು ನನ್ನ ಹೆಸರು, ನಡುವೆ ಅಪ್ಪ, ಕೊನೆಗೆ ಹೊನ್ನವಳ್ಳಿ. ಹೆಂಡತಿಯೂ ಕೊನೆಗೆ ಅದನ್ನೇ ತೆಗೆದುಕೊಂಡಳು. ಮಗಳದ್ದು ಮಾತ್ರ ಈ ಅರ್ಜಿಯಲ್ಲಿ ಆಗುವುದಿಲ್ಲ, ನಾವಿರುವ ಕೌಂಟಿಯ (ಜಿಲ್ಲೆಯಂಥದ್ದು) ಕೋರ್ಟಿನಲ್ಲಿ ಬೇರೆ ಅರ್ಜಿ ಹಾಕಬೇಕು. ಟೆಕ್ಸಾಸಿನಲ್ಲಿ 10 ವರ್ಷ ತುಂಬಿದ ಮಗುವಿನ ಒಪ್ಪಿಗೆಯೂ ಬರಹದಲ್ಲಿ ಬೇಕು. ಮಕ್ಕಳನ್ನು ಕೇಳಿ ಮಾಡುವ ಈ ಕ್ರಮ ನನಗೆ ತುಂಬಾ ಹಿಡಿಸಿತು.

ಯೋಚಿಸುತ್ತಿರುವವರಿಗೆ ಕೆಲವು ಮಾತು. ಬದಲಾಯಿಸುವುದೇ ಆದರೆ ಪೌರತ್ವದ ಜೊತೆಗೇ ಮಾಡಿ. ಇದಕ್ಕೆ ಬೇರೆ ಶುಲ್ಕ ಇಲ್ಲ. ಆಮೇಲೆ ಮಾಡಿದರೆ ಕೋರ್ಟು, ಬೆರಳಚ್ಚು, ಖರ್ಚು ಎಲ್ಲಾ ಬೇರೆ. ಆದರೆ ಪ್ರಮಾಣವಚನ ಜಡ್ಜ್ ಮುಂದೆಯೇ ಆಗಬೇಕು. ವಲಸೆ ಇಲಾಖೆಯ ಅಧಿಕಾರಿ ಮಾತ್ರ ನಡೆಸುವ ಸಮಾರಂಭದಲ್ಲಿ ಹೆಸರು ಬದಲಾಗುವುದಿಲ್ಲ, ಅದಕ್ಕೇ ಕೆಲವರು ಜಾಸ್ತಿ ಕಾಯಬೇಕಾಗುತ್ತದೆ. ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಒಂದೊಂದು ಅಕ್ಷರ ಓದಿ. ತಪ್ಪು ಇಲಾಖೆಯದ್ದಲ್ಲದಿದ್ದರೆ ಬದಲಿ ಪ್ರತಿಗೆ 500 ಡಾಲರಿಗೂ ಜಾಸ್ತಿ ಆಗುತ್ತದೆ. ಮೊದಲು ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಆಮೇಲೆ ಲೈಸೆನ್ಸು, ಪಾಸ್‌ಪೋರ್ಟು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐಗೆ ಹಾಕುವಾಗ ಹಳೆ ಹೊಸ ಹೆಸರು ಎರಡೂ ಇರುವ ಕೋರ್ಟಿನ ಕಾಗದ ಜೊತೆಗಿರಲಿ. ಪ್ಯಾನ್ ಕಾರ್ಡಿನಲ್ಲೂ ಹೆಸರು ತಿದ್ದಿಸಿ. ಊರಿನ ಬ್ಯಾಂಕಿನ ಖಾತೆ ಮರೆಯಬೇಡಿ.

ಹೋದ ಸಲ ಊರಿಗೆ ಹೋದಾಗ ಆ ಕೋರ್ಟಿನ ಕಾಗದದ ಪ್ರಮಾಣೀಕೃತ ಪ್ರತಿಯೊಂದನ್ನು ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. "ಎಲ್ಲಾ ಇಂಗ್ಲಿಷಲ್ಲೈತೆ" ಅಂದರು. ಆಮೇಲೆ ಒಂದು ಬಿಳಿ ಹಾಳೆ ತೆಗೆದು, ನನ್ನ ಹಳೇ ಹೆಸರು, ಅದರ ಕೆಳಗೆ ಹೊಸ ಹೆಸರು, ಎರಡನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದರು. ಎರಡೂ ಹೆಸರಿನ ಮುಂದೆ 'ಬಿನ್' ಹಾಕಿ ತಮ್ಮ ಹೆಸರು ಬರೆದರು. ಅದನ್ನು ಕೋರ್ಟಿನ ಕಾಗದಕ್ಕೆ ಗುಂಡುಸೂಜಿ ಹಾಕಿ ಸೇರಿಸಿ, ಪಹಣಿ ಮತ್ತು ಕಂದಾಯದ ರಸೀದಿಗಳಿದ್ದ ಟ್ರಂಕಿನಲ್ಲಿಟ್ಟರು.